ಕಾಲುವೆ ದಾಟಿಸಿದ ನಾಯಿ

ನನ್ನ ಅತ್ತೆ ಮೂಕಮ್ಮ ದೇವದುರ್ಗದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷದ ಹತ್ತಿರ ಅಡುಗೆ ಮಾಡಿದವರು. ನಿವೃತ್ತಿಯಾದ ಮೇಲೆ ರಾಯಚೂರಿನ ನಮ್ಮ ಬಾಡಿಗೆ ಮನೆಗೆ ಬಂದರು. ಬರುವಾಗ ಒಂದು ಟ್ರಂಕು ತಂದರು, ಒಂದು ಮುದಿ ನಾಯಿಯನ್ನೂ ತಂದರು. ಟ್ರಂಕು ತರುವ ವಿಷಯ ಮೊದಲೇ ಫೋನಿನಲ್ಲಿ ಹೇಳಿದ್ದರು. ನಾಯಿಯದ್ದು ಹೇಳಿರಲಿಲ್ಲ.

"ಅದು ನಂದಲ್ಲಬೇ ಶಶಿ, ಹಾಸ್ಟೆಲ್ಲಿಂದು. ನಾ ಅನ್ನ ಹಾಕಾಕಿ ಅಷ್ಟ," ಎಂದರು, ನನ್ನ ಮುಖ ನೋಡಿ.

ನಾಯಿಯ ಹೆಸರು ಸರ್ದಾರ. ಮರಿಯಾಗಿದ್ದಾಗ ಅದರ ನೆತ್ತಿಯ ಮೇಲೆ ಪೇಟ ಸುತ್ತಿದ ಹಾಗೆ ಬಿಳಿ ಕೂದಲಿತ್ತಂತೆ, ಹಾಸ್ಟೆಲ್ಲಿನ ಹುಡುಗಿಯರು ಆ ಹೆಸರು ಇಟ್ಟರಂತೆ. ನಮ್ಮ ಮನೆಗೆ ಬರುವ ಹೊತ್ತಿಗೆ ಮೈಯೆಲ್ಲ ಬೆಳ್ಳಗಾಗಿ ಯಾವುದು ಪೇಟ, ಯಾವುದು ತಲೆ ಎಂದು ತಿಳಿಯುವಂತಿರಲಿಲ್ಲ.

ನನ್ನ ಮಗಳು ಮೈತ್ರಿ ಆಗಷ್ಟೇ ಅಂಬೆಗಾಲು ಬಿಟ್ಟು ನಡೆಯಲು ಕಲಿತಿದ್ದಳು. ಅವಳು ಹುಟ್ಟಿದಾಗಿನಿಂದ ನನಗೆ ಕಂಡದ್ದಕ್ಕೆಲ್ಲ ಹೆದರಿಕೆ. ಬಕೆಟ್ಟಿನಲ್ಲಿ ಉಳಿದ ನೀರಿಗೆ, ದ್ರಾಕ್ಷಿಯ ಬೀಜಕ್ಕೆ, ಫ್ಯಾನಿನ ಕಿರ್ರೆನ್ನುವ ಸದ್ದಿಗೆ. ಇಂಥವಳ ಮನೆಯೊಳಗೆ ಬಂದ ನಾಯಿಯೋ, ತಾನು ಎಲ್ಲಿದ್ದೇನೆ ಎನ್ನುವುದನ್ನೇ ಮರೆಯಲು ಶುರುಮಾಡಿತ್ತು.

ಬಾಗಿಲು ತೆರೆಯುವ ಕಡೆ ಬಿಟ್ಟು ಕೀಲಿನ ಕಡೆಗೆ ಹೋಗಿ ಮೂಗಿಟ್ಟು ನಿಲ್ಲುತ್ತಿತ್ತು. ಬೀರುವಿನ ಸಂದಿಗೆ ತಲೆ ತೂರಿಸಿದರೆ ಹಿಂದಕ್ಕೆ ಬರುವುದು ಹೇಗೆಂದು ಗೊತ್ತಾಗದೆ ಅಲ್ಲೇ ಕುಂಯ್‌ಗುಡುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಅಂಗಳಕ್ಕೆ ಬಿಟ್ಟರೆ ಕಣದಲ್ಲಿ ಹಂತಿ ತುಳಿಯುವ ಎತ್ತಿನ ಹಾಗೆ ಎಡಕ್ಕೆ, ಎಡಕ್ಕೆ, ಬರೀ ಎಡಕ್ಕೇ ಸುತ್ತುತ್ತಿತ್ತು. ದನದ ದವಾಖಾನೆಯ ಡಾಕ್ಟರಿಗೆ ತೋರಿಸಿದೆವು. "ಮನುಷ್ಯಾರಿಗೆ ವಯಸ್ಸಾದ ಮ್ಯಾಲ ಮರೆವು ಬರ್ತದಲ್ರಿ, ಅದ ಇದು. ವಾಸಿ ಆಗಂಗಿಲ್ಲ. ನೋಡಿಕೋಬೇಕು," ಎಂದು ಒಂದು ಶಕ್ತಿಯ ಮಾತ್ರೆ ಬರೆದುಕೊಟ್ಟರು.

ನೋಡಿಕೊಳ್ಳುವುದನ್ನು ಅತ್ತೆ ಅಡುಗೆಮನೆಯ ಕೆಲಸದಂತೆಯೇ ಮಾಡಿದರು. ಮುದ್ದು ಮಾಡಿದ್ದನ್ನು ನಾನು ನೋಡಲಿಲ್ಲ, ಬೇಸರಪಟ್ಟದ್ದನ್ನೂ ನೋಡಲಿಲ್ಲ. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಮಜ್ಜಿಗೆಯಲ್ಲಿ ಕಲಸುವರು. ಉಚ್ಚೆ ಹೊಯ್ದರೆ ಒರೆಸುವರು. ಸಂದಿಯಲ್ಲಿ ಸಿಕ್ಕಿಕೊಂಡರೆ ಹಿಂದೆ ನಿಂತು ಬಸ್ಸಿನ ಕಂಡಕ್ಟರನಂತೆ ಗೋಡೆ ತಟ್ಟುವರು: "ಬರ್ಲಿ, ಬರ್ಲಿ, ಇನ್ನಷ್ಟ ಬರ್ಲಿ… ಹೋಲ್ಡಾನ್." ನಾಯಿ ಹೊರಗೆ ಬರುತ್ತಿತ್ತು, ಮತ್ತೆ ಅದೇ ಸಂದಿಗೆ ಹೋಗುತ್ತಿತ್ತು.

"ಅದು ಮನಿ ಮರೀತು, ಬಾಗಿಲು ಮರೀತು. ನಾಳಿ ನಮ್ಮ ಕೂಸನ್ನ ಮರೆತ್ರ?" ಎಂದು ನಾನು ಗಂಡನಿಗೆ ಕೇಳಿದೆ. ವಿನೋದ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುವವನು, ಶಿಫ್ಟು ಮುಗಿಸಿ ಬಂದರೆ ನಿದ್ದೆಗಣ್ಣು.

"ಅದಕ್ಕ ಹಲ್ಲ ಎಲ್ಲದಾವ ಕಚ್ಚಾಕ?"

"ಅದಾವ. ನಾ ನೋಡೀನಿ."

"ನಾಯಿ ಬಾಯಾಗ ಹಲ್ಲ ಎಣಿಸೋಕಿಗೆ ಏನಂತ ಹೇಳ್ಲಿ," ಎಂದು ಮಗ್ಗುಲು ಬದಲಿಸಿದ.

ಎಲ್ಲಿಗಾದರೂ ಕಳಿಸಿಬಿಡಿ ಅತ್ತಿ, ಎಂದು ಅತ್ತೆಗೂ ಹೇಳುತ್ತಲೇ ಇದ್ದೆ. "ಕಳಿಸೂಣು, ಬಿಸಿಲು ಇಳೀಲಿ," ಎನ್ನುವರು. ಬಿಸಿಲು ಇಳಿದರೆ, "ಥಂಡಿ ಹೋಗ್ಲಿ," ಎನ್ನುವರು. ಹೀಗೆ ಒಂದು ವರ್ಷ ಕಳೆಯಿತು.

ಆ ದಿನ ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಏಪ್ರಿಲ್ಲಿನ ಬಿಸಿಲು, ಹಾಕಿದ ಬಟ್ಟೆ ಕ್ಲಿಪ್ ಸಿಗಿಸುವುದರೊಳಗೆ ಗರಿಗರಿ ಆಗುತ್ತಿತ್ತು. ಕೆಳಗಿನಿಂದ ಮೈತ್ರಿ ಚೀರಿದಳು. ಬಿದ್ದಾಗಿನ ಅಳು ನನಗೆ ಗೊತ್ತು, ಹಟದ ಅಳು ಗೊತ್ತು. ಇದು ಎರಡೂ ಅಲ್ಲ.

ಇಳಿದು ಬರುವಷ್ಟರಲ್ಲಿ ಅತ್ತೆ ಮಗುವನ್ನು ಎತ್ತಿಕೊಂಡಿದ್ದರು. ಅಕ್ಕಿ ಕೇರುತ್ತಿದ್ದ ಮೊರ ಮಗುಚಿ ಬಿದ್ದು ನೆಲದ ತುಂಬ ಅಕ್ಕಿ. ಸರ್ದಾರ ಮೂಲೆಗೆ ಮುಖ ಮಾಡಿ ನಿಂತಿತ್ತಂತೆ. ಮಗು ಹಿಂದಿನಿಂದ ಹೋಗಿ ತಬ್ಬಿಕೊಂಡಿದ್ದಾಳೆ. ಕಣ್ಣು ಮಂಜಾದ ನಾಯಿ ಬೆಚ್ಚಿ ತಿರುಗಿ ಬಾಯಿ ಹಾಕಿದೆ. ಮೊಳಕೈ ಕೆಳಗೆ ಎರಡು ಹಲ್ಲಿನ ಗುರುತು, ಒಂದರಲ್ಲಿ ರಕ್ತ.

ಪಕ್ಕದ ಮನೆಯ ಮಹಬೂಬೀ ಅಷ್ಟರಲ್ಲಿ ಖಾರದ ಪುಡಿಯ ಡಬ್ಬಿ ಹಿಡಿದು ಬಂದಿದ್ದರು. "ಗಾಯದಾಗ ಖಾರ ತುಂಬ್ರಿ ಮೂಕವ್ವ, ವಿಷ ಇಳಿತದ." ಅತ್ತೆ ತಮ್ಮ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದಿದ್ದರು. ನಾನು ಮಗುವನ್ನು ಕಿತ್ತುಕೊಂಡು ನಲ್ಲಿಯ ಕೆಳಗೆ ಹಿಡಿದು ಸಾಬೂನು ಹಚ್ಚಿ ತೊಳೆದೆ, ತೊಳೆಯುತ್ತಲೇ ಇದ್ದೆ. ಮಹಬೂಬೀಯ ಮಗ ನಯೀಮ್ ಆಟೋ ತಂದು ನಿಲ್ಲಿಸಿ, "ಅಕ್ಕಾ, ನೀರು ಸಾಕು, ಕುಂದರ್ರಿ," ಎನ್ನುವವರೆಗೂ ತೊಳೆದೆ.

ಸರಕಾರಿ ಆಸ್ಪತ್ರೆಯಲ್ಲಿ ಗಾಯದ ಸುತ್ತ ಒಂದು ಔಷಧ ಚುಚ್ಚಿದರು, ತೊಡೆಗೆ ಒಂದು ಸೂಜಿ ಹಾಕಿದರು. ಮುಂದಿನ ಸೂಜಿಗಳ ತಾರೀಖು ಹೇಳಿದರು. ಡಾಕ್ಟರಮ್ಮ ಕೇಳಿದರು: "ನಾಯಿ ಯಾರದು?"

"ನಮ್ಮ ಮನಿದೇರಿ."

"ಹಂಗಾದ್ರ ಚಲೋನ ಆತು. ಸೂಜಿ ಒಂದೂ ತಪ್ಪಿಸಬ್ಯಾಡ್ರಿ. ನಾಯಿನ ಹತ್ತು ದಿನ ಕಣ್ಣ ಮುಂದ ಇಟಗೋರಿ. ಹುಚ್ಚು ಇದ್ದ ನಾಯಿ ಅಷ್ಟು ದಿನ ಬದುಕೂದಿಲ್ಲ. ಅದು ಆರಾಮ ಇದ್ರ ನೀವೂ ಆರಾಮ ಇರ್ರಿ. ಸತ್ತ್ರ, ಇಲ್ಲಾ ಕಳದ್ರ, ಬಂದು ಹೇಳ್ರಿ."

ಆಟೋದಲ್ಲಿ ಬರುವಾಗ ನನಗೆ ಸ್ವಲ್ಪ ಧೈರ್ಯ ಬಂದಿತ್ತು. ನಾಯಿ ಮನೆಯಲ್ಲೇ ಇದೆ. ಕಟ್ಟಿಹಾಕಿ ನೋಡುತ್ತಾ ಕೂತರಾಯಿತು.

ಮನೆಗೆ ಬಂದರೆ ಮೂಲೆ ಖಾಲಿ. ನೆಲಕ್ಕೆ ಫಿನಾಯಿಲ್ ಹಾಕಿ ತೊಳೆದ ವಾಸನೆ. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು.

"ಸರ್ದಾರ ಎಲ್ಲಿ ಅತ್ತಿ?"

"ಕಳಿಸಿದೆ."

"ಎಲ್ಲಿಗಿ?"

"ಕಿರಣನ ಗಾಡ್ಯಾಗ ಮಾನ್ವಿಗಿ ಕಳಿಸಿದೆ. ಕಾಲುವಿ ದಾಟಿಸಿ ಬಿಡು ಅಂದೆ. ವರ್ಷದಿಂದ ನೀ ಬಡಕೊಳ್ಳಾಕತ್ತಿದ್ದಿ, ನಾ ಕೇಳಲಿಲ್ಲ. ಕೂಸಿಗೆ ಹಿಂಗ ಆತು." ಅವರ ದನಿ ಒಣಗಿತ್ತು. "ನೀ ಹೋದ ಮ್ಯಾಲ ಓಣಿ ಮಂದಿ ಬಡಿಗಿ ತಗೊಂಡು ಬಂದಿದ್ರು, ಹುಚ್ಚು ನಾಯಿ ಅಂತ. ಇಲ್ಲೇ ಬಡದು ಹಾಕ್ತಿದ್ರು."

ನಮ್ಮ ಕಡೆ ಬೇಡವಾದ ಬೆಕ್ಕನ್ನೋ ನಾಯಿಯನ್ನೋ ಕೈಯಾರೆ ಕೊಲ್ಲಲು ಹಿಂಜರಿಯುತ್ತಾರೆ. ಚೀಲದಲ್ಲಿ ಕಟ್ಟಿ ನೀರು ದಾಟಿಸಿ ಬಿಟ್ಟುಬರುತ್ತಾರೆ. ಹೊಳೆಯೋ ಹಳ್ಳವೋ ಕಾಲುವೆಯೋ, ನಡುವೆ ಹರಿಯುವ ನೀರಿದ್ದರೆ ದಾರಿಯ ವಾಸನೆ ಅಲ್ಲಿಗೆ ಕಡಿದುಹೋಗಿ ಅದು ಮರಳಿ ಬರುವುದಿಲ್ಲ ಎಂದು ನಂಬಿಕೆ. ಬಿಡುವ ಮುಂಚೆ ಚೀಲವನ್ನು ಮೂರು ಸುತ್ತು ತಿರುಗಿಸುತ್ತಾರೆ, ದಿಕ್ಕು ತಪ್ಪಲಿ ಎಂದು. ದಿಕ್ಕನ್ನೇ ಮರೆತಿದ್ದ ನಾಯಿಗೂ ಕಿರಣಕುಮಾರ ಅದನ್ನು ಬಿಡದೆ ಮಾಡಿದ್ದ. ಅವನು ನನ್ನ ಮೈದುನ, ಮಾನ್ವಿಯ ಮಿಲ್ಲುಗಳಿಂದ ರಾಯಚೂರಿನ ಅಂಗಡಿಗಳಿಗೆ ಅಕ್ಕಿ ಸಾಗಿಸುವ ಗೂಡ್ಸ್ ಗಾಡಿ ಓಡಿಸುತ್ತಾನೆ. ಫೋನು ಮಾಡಿದರೆ, "ಬಿಟ್ಟೆ ಅತ್ತಿಗಿ. ದೊಡ್ಡ ಕಾಲುವಿ ದಾಟಿ, ಕ್ಯಾಂಪಿನ ಆಚಿಗೆ. ಮೂರು ಸುತ್ತು ತಿರುವೇ ಬಿಟ್ಟೀನಿ, ಇನ್ನ ಅದರಪ್ಪನೂ ಬರಂಗಿಲ್ಲ. ನೀವು ಆರಾಮ ಮಕ್ಕೋರಿ," ಎಂದ.

ನಾನು ಡಾಕ್ಟರಮ್ಮ ಹೇಳಿದ್ದನ್ನು ಅತ್ತೆಗೆ ಹೇಳಿದೆ. ಒಂದು ಸಲಕ್ಕೆ ಅವರಿಗೆ ತಿಳಿಯಲಿಲ್ಲ, ಮತ್ತೆ ಹೇಳಿದೆ.

"ಅಂದ್ರ ಅದು ಬದುಕಿರಬೇಕೇನು?"

"ಬದುಕಿರಬೇಕು. ನಮ್ಮ ಕಣ್ಣಿಗೆ ಕಾಣೋ ಹಂಗ ಬದುಕಿರಬೇಕು. ಇಲ್ಲಂದ್ರ ನಮಗ ಹೆಂಗ ಗೊತ್ತಾಗಬೇಕು ಅತ್ತಿ, ಅದಕ್ಕ ಬರೀ ಮರೆವಿತ್ತೋ, ಇಲ್ಲಾ…"

ಅತ್ತೆ ನಿದ್ದೆ ಹೋಗಿದ್ದ ಮಗುವಿನ ಕೈಯ ಪಟ್ಟಿಯನ್ನು ನೋಡಿದರು. "ನಸಿಕಿನಾಗ ಹೋಗೂಣು," ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು.

ಬೆಳಿಗ್ಗೆ ಶಿಫ್ಟು ಮುಗಿಸಿ ಬಂದ ವಿನೋದನ ಕೈಗೆ ಮಗುವನ್ನು ಕೊಟ್ಟೆ. "ಸೂಜಿ ಹಾಕ್ಯಾರಲ್ಲ, ಮತ್ಯಾಕ ಓಡ್ಯಾಡ್ತಿ?" ಎಂದ. ಸೂಜಿ ಹಾಕಿಸಿಯೂ ಉಳಿಯದವರ ಸುದ್ದಿ ಓದಿದೆ ಎಂದೆ. "ಮೊದಲ ಆ ಫೋನ್ ನೋಡೋದು ಬಿಡು ಮಾರಾಯ್ತಿ," ಎಂದ. ಆದರೆ ಮಗುವಿನ ಹಣೆ ಮುಟ್ಟಿ ನೋಡಿದ್ದನ್ನು ನಾನು ಕಂಡೆ.

ಮಾನ್ವಿಯ ಬಸ್ಸಿನಲ್ಲಿ ಅತ್ತೆ ತೊಡೆಯ ಮೇಲೆ ನುಚ್ಚಿನ ಡಬ್ಬಿ ಇಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು. ನಾನು ಸಿಟ್ಟಿನಲ್ಲಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಕಡಿಮೆ. ದೇವದುರ್ಗದ ಕಡೆಯ ಹಳ್ಳಿಯಲ್ಲಿ ಕೂಲಿಯವರ ಮಗಳಾಗಿ ಹುಟ್ಟಿದ್ದು, ಕಳೆ ಕಿತ್ತು ಬೆಳೆದದ್ದು, ಕಿರಣ ತೊಡೆಯ ಮೇಲಿನ ಕೂಸಾಗಿದ್ದಾಗಲೇ ಹಮಾಲಿ ಮಾಡುತ್ತಿದ್ದ ಗಂಡ ತೀರಿಕೊಂಡದ್ದು. ಹಾಸ್ಟೆಲ್ಲಿಗೆ ಹೊಸದಾಗಿ ಬರುವ ಕೆಲವು ಹುಡುಗಿಯರು ಮೊದಮೊದಲು ಈಕೆಯ ಕೈ ಅನ್ನ ಉಣ್ಣುತ್ತಿರಲಿಲ್ಲವಂತೆ, ಮನೆಯಿಂದ ಕಟ್ಟಿಕೊಂಡು ಬಂದ ರೊಟ್ಟಿಯನ್ನೇ ನೀರಿನಲ್ಲಿ ನೆನೆಸಿ ತಿನ್ನುತ್ತಿದ್ದರಂತೆ. "ರೊಟ್ಟಿ ಮುಗಿತದ, ಹಸಿವು ಮುಗಿಯಂಗಿಲ್ಲ," ಎಂದು ಈಕೆ ಸುಮ್ಮನೆ ಕಾದರಂತೆ. ಇದನ್ನು ಹೇಳಿದ್ದೂ ವಿನೋದನೇ.

ಕಲ್ಲೂರು ದಾಟಿದ ಮೇಲೆ ಅವರಾಗಿಯೇ ಮಾತು ತೆಗೆದರು.

"ಹಾಸ್ಟೆಲ್ಲಿನ ಹಿಂದಿನ ಗ್ವಾಡಿ ಬಿದ್ದಿತ್ತು. ಕಟ್ಟಿಸ್ರಿ, ಕಟ್ಟಿಸ್ರಿ ಅಂತ ಕೇಳಿ ಕೇಳಿ ನನ್ನ ನಾಲಗಿ ಸವೀತು. ಅಡಗಿಮನಿ ಬಾಗಿಲಾಗ ನಾ ಮಲಗತಿದ್ನಿ, ಕೈಯಾಗ ಒಲಿ ಊದೋ ಕೊಳವಿ ಹಿಡ್ಕೊಂಡು. ಒಂದಿನ ಒಬ್ಬಾವ ಗ್ವಾಡಿ ಹತ್ತಿ ಜಿಗದ. ಕುಡದಿದ್ದನೋ ಬೇಕಂತ ಬಂದಿದ್ದನೋ. ನಾ ಏಳೂದರಾಗ ಇದು ಅವನ ಪ್ಯಾಂಟು ಹರದು ಅರ್ಧ ಓಣಿ ಓಡ್ಸಿತ್ತು. ಅವತ್ತಿಂದ ನಾ ಕಣ್ಣ ಮುಚ್ಚಿ ಮಲಗಿದ್ನಿ."

ಡಬ್ಬಿಯ ಮುಚ್ಚಳವನ್ನು ಒಮ್ಮೆ ಒತ್ತಿ ನೋಡಿದರು.

"ನಿನಗ ಒಂದು ಮಗಳು ಶಶಿ. ನನಗ ತೊಂಬತ್ತು ಇದ್ದವು. ಯಾರ್ಯಾರದೋ ಮಕ್ಕಳು. ನನಗ ಹೆದರಿಕಿ ಇದ್ದಿಲ್ಲ ಅಂದಿಯೇನು?"

ಕಂಡಕ್ಟರು ಮಾನ್ವಿ ಮಾನ್ವಿ ಎಂದು ಕೂಗಿದ. ನಾವು ಇಳಿದೆವು.

ಕಿರಣ ಗಾಡಿ ತಂದಿದ್ದ. ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತೆವು. ಬೇಸಿಗೆ ಬೆಳೆಯ ಕೊಯ್ಲಿನ ಕಾಲ. ಅರ್ಧ ರಸ್ತೆಗೆ ಭತ್ತ ಹರವಿದ್ದರು, ಉಳಿದರ್ಧದಲ್ಲಿ ಕೊಯ್ಯುವ ಯಂತ್ರ ಬರುತ್ತಿತ್ತು. ಕಾಲುವೆ ತುಂಬಿ ಮಣ್ಣುಬಣ್ಣದ ನೀರು ಹರಿಯುತ್ತಿತ್ತು. ಕಣ್ಣು ಮಂಜಾದ ನಾಯಿ ಇದರ ದಂಡೆಗೆ ಬಂದರೆ ಏನಾಗಬಹುದು ಎಂದು ಯೋಚಿಸಬಾರದು ಎಂದುಕೊಂಡಷ್ಟೂ ಅದನ್ನೇ ಯೋಚಿಸಿದೆ.

"ಇಲ್ಲೇ ಬಿಟ್ಟಿದ್ದೆ," ಎಂದು ಕಿರಣ ಒಂದು ಜಾಲಿ ಮರ ತೋರಿಸಿದ. ಮರದ ಕೆಳಗೆ ಏನೂ ಇರಲಿಲ್ಲ. ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಇಟ್ಟ ಕರಿ ಪಟ್ಟೆಗಳು ಅಲ್ಲಲ್ಲಿ ಇನ್ನೂ ಹೊಗೆಯಾಡುತ್ತಿದ್ದವು. ಅತ್ತೆ ಸೀರೆ ಎತ್ತಿ ಸಿಗಿಸಿ ಬದುವಿನ ಮೇಲೆ ನಡೆದರು. ಹೆಸರು ಕೂಗಲಿಲ್ಲ. "ಕೂಗ್ರಿ ಅತ್ತಿ," ಎಂದೆ. "ಹೆಸರು ಮರ್ತು ಬಾಳ ದಿನ ಆತು ಅದಕ್ಕ," ಎಂದರು.

ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನಲ್ಲಿ ಒಬ್ಬ ಹೆಂಗಸು ಬಾಗಿಲಲ್ಲೇ ನಿಂತು ಹೇಳಿದಳು: "ಬಂದಿತ್ತಮ್ಮಾ, ಪಿಚ್ಚಿ ಕುಕ್ಕ. ಹುಚ್ಚು ನಾಯಿ. ಸುಮ್ನೆ ಗುಂಡ್ರಗೆ ತಿರುಗ್ತಾನೇ ಇತ್ತು. ನಮ್ಮೋರು ಕಲ್ಲು ಹೊಡೆದ್ರು. ಮಿಲ್ಲಿನ ಕಡೆ ಹೋಯ್ತು. ಕುಂಟ್ತಾ ಇತ್ತು."

ಹುಚ್ಚು ಎಂಬ ಮಾತನ್ನು ಯಾರೂ ಅನುಮಾನದಿಂದ ಹೇಳುತ್ತಿರಲಿಲ್ಲ. ನಮ್ಮ ಓಣಿಯವರೂ ಅಂದರು, ಇವಳೂ ಅಂದಳು. ಇಷ್ಟು ಜನ ಕಂಡದ್ದು ಆ ದನದ ಡಾಕ್ಟರಿಗೇ ಕಾಣಲಿಲ್ಲವೇನೋ, ಮರೆವು ಅಂದುಬಿಟ್ಟರೇನೋ. ನಾನು ಮಿಲ್ಲಿನ ಕಡೆ ಬಿರುಸಾಗಿ ನಡೆದೆ.

ಮಿಲ್ಲಿನ ಹಿಂದೆ ಹೊಟ್ಟಿನ ಗುಡ್ಡೆಯ ಹತ್ತಿರ ಹಮಾಲರು ಬಡಿಗೆ ಹಿಡಿದು ಅರ್ಧ ಸುತ್ತುಗಟ್ಟಿ ನಿಂತಿದ್ದರು. ನಡುವೆ ಸರ್ದಾರ. ಮುಂಗಾಲು ಎತ್ತಿಕೊಂಡು ಮೂರೇ ಕಾಲಿನ ಮೇಲೆ ಎಡಕ್ಕೆ ಸುತ್ತುತ್ತಿತ್ತು. ಕಿವಿಯ ಹತ್ತಿರ ರಕ್ತ ಒಣಗಿತ್ತು. ಬದುಕಿತ್ತು. ಅಷ್ಟರಲ್ಲಿ ಒಬ್ಬ ಬಡಿಗೆ ಎತ್ತಿದ.

"ಹೊಡೀಬ್ಯಾಡ್ರಿ, ಅದು ನಮ್ಮ ನಾಯಿ," ಎಂದೆ.

ಮಿಲ್ಲಿನ ಮಾಲೀಕ ವಿರೂಪಣ್ಣ ವಿಭೂತಿ ಹಚ್ಚಿದ ಹಣೆ ಒರೆಸಿಕೊಳ್ಳುತ್ತಾ ಬಂದರು. "ನಿಮ್ಮ ನಾಯಿ ಆದ್ರ ನಿಮ್ಮ ಮನ್ಯಾಗ ಇರಬೇಕಿತ್ತಲ್ರಿ ತಂಗಿ. ನಮ್ಮ ಹೊಟ್ಟಿನಾಗ ಏನ್ ಮಾಡಾಕತ್ತದ?"

"ದಾರಿ ತಪ್ಪಿ ಬಂದದರಿ ಸಾಹುಕಾರ್ರೆ," ಎಂದ ಕಿರಣ, ನೆಲ ನೋಡುತ್ತಾ.

"ಹೆಂಗ ಸುತ್ತಾಕತ್ತದ ನೋಡು. ಹುಚ್ಚಲ್ಲದ ಮತ್ತೇನು ಇದು?"

"ವರ್ಷದಿಂದ ಹಂಗ ಸುತ್ತತದರಿ," ಎಂದರು ಅತ್ತೆ. "ಮುಪ್ಪು ಅದಕ್ಕ. ನಾಕು ಮಂದಿ ಬಡಿಗಿ ಹಿಡದು ಸುತ್ತುಗಟ್ಟಿದ್ರ ನಮಗೂ ದಿಕ್ಕು ತಪ್ಪತದ."

ಕನಕರಾಯ ಎಂಬ ಹಿರಿಯ ಹಮಾಲ ಬಡಿಗೆ ಇಳಿಸಿ, "ನೀರಿಟ್ಟು ನೋಡೂಣ್ರಿ. ಹುಚ್ಚಿದ್ರ ನೀರು ಕಂಡು ಓಡಬೇಕು, ಇಲ್ಲಂದ್ರ ಕುಡೀಬೇಕು," ಎಂದ. ಎಲ್ಲರೂ ಹೂಂಗುಟ್ಟಿದರು. ಒಂದು ಬುಟ್ಟಿಯಗಲದ ತಗಡಿನ ತಟ್ಟೆಯಲ್ಲಿ ನೀರು ಹಾಕಿ ಉದ್ದನೆಯ ಬಿದಿರಿನಿಂದ ಮುಂದಕ್ಕೆ ತಳ್ಳಿದರು.

ಸರ್ದಾರ ಸುತ್ತುವುದನ್ನು ನಿಲ್ಲಿಸಿತು. ತಟ್ಟೆಯ ಹತ್ತಿರ ಬಂದು ತಲೆ ಬಗ್ಗಿಸಿತು. ನೀರನ್ನು ನೋಡಿತು. ನಾವೆಲ್ಲ ಅದನ್ನು ನೋಡಿದೆವು. ಅದು ಓಡಲಿಲ್ಲ, ಕುಡಿಯಲೂ ಇಲ್ಲ. ಮೂಗಿಗೂ ನೀರಿಗೂ ನಾಲ್ಕು ಬೆರಳು ಅಂತರ, ಅಲ್ಲೇ ನಿಂತುಬಿಟ್ಟಿತು. ಬಾಯಿಯ ಅಂಚಿನಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು.

"ಕುಡಿಯವಲ್ದು," ಎಂದ ಯಾರೋ.

"ಗಂಟಲು ಹಿಡದದ. ಅದ ಅದು," ಎಂದ ಇನ್ನೊಬ್ಬ. ಬಡಿಗೆಗಳು ಮತ್ತೆ ಮೇಲೆದ್ದವು.

ಮಗಳ ಕೈಯ ಆ ಎರಡು ಗುರುತು ನನ್ನ ಕಣ್ಣ ಮುಂದೆ ಬಂದವು. ಕಿರಣನ ತೋಳು ಹಿಡಿದೆ. ತಿರುಗಿ ನೋಡಿದರೆ ಅತ್ತೆ ಪಕ್ಕದಲ್ಲಿರಲಿಲ್ಲ.

ಹೊಟ್ಟಿನಲ್ಲಿ ಕಾಲು ಹೂಳುತ್ತಾ ಅವರು ನಾಯಿಯ ಕಡೆ ಹೋಗುತ್ತಿದ್ದರು. "ಯವ್ವಾ, ಬ್ಯಾಡ," ಎಂದ ಕಿರಣ. ಸರ್ದಾರ ತುಟಿ ಮೇಲೆತ್ತಿ ಗುರುಗುಟ್ಟಿತು. ಇಷ್ಟು ವರ್ಷ ಅನ್ನ ಹಾಕಿದ ಕೈ ಅದಕ್ಕೆ ಗೊತ್ತಾಗಲಿಲ್ಲ. ಅತ್ತೆ ನಿಂತರು. ಅವರ ಕುತ್ತಿಗೆಯ ನರ ಎದ್ದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಅವರೂ ಹೆದರಿದ್ದರು.

ಆಮೇಲೆ ಮೆಲ್ಲಗೆ ನಾಯಿಗೆ ಮಗ್ಗುಲಾಗಿ ಕೂತರು. ಮುಖ ಬೇರೆ ಕಡೆ ತಿರುಗಿಸಿಕೊಂಡು ಕೂತಲ್ಲಿಂದಲೇ ಸರಿದು ಸರಿದು ತಟ್ಟೆಯ ಹತ್ತಿರ ಹೋದರು. ನೀರಿನಲ್ಲಿ ಕೈ ಅದ್ದಿ, ಆ ಕೈಯನ್ನು ನಾಯಿಯ ಮೂಗಿನ ಮೇಲೆ ಹಿಡಿದರು. ಹನಿ ಬಿದ್ದವು. ಸರ್ದಾರ ಸೀನಿತು. ನಾಲಗೆ ಹೊರಬಂದು ಮೂಗು ನೆಕ್ಕಿತು. ಮತ್ತೆ ಹನಿಸಿದರು. ನಾಲಗೆ ಅವರ ಬೆರಳಿಗೆ ತಾಗಿತು. ಬೆರಳನ್ನು ಹಾಗೇ ಕೆಳಗೆ ಇಳಿಸುತ್ತಾ ಹೋದರು, ನಾಲಗೆ ಹಿಂದೆಯೇ ಬಂತು, ಬೆರಳು ನೀರೊಳಗೆ ಹೋಯಿತು, ನಾಲಗೆಯೂ ಹೋಯಿತು.

ಆಮೇಲೆ ಅದು ಕುಡಿದದ್ದೇ ಕುಡಿದದ್ದು. ತಟ್ಟೆಯ ತಳ ಕಾಣುವವರೆಗೆ ಲೊಚಲೊಚ ಸದ್ದು ಒಂದೇ ಕೇಳುತ್ತಿತ್ತು.

"ಕುಡಿಯೋದು ಮರ್ತದರಿ ಅದು, ಮತ್ತೇನಿಲ್ಲ," ಎಂದರು ಅತ್ತೆ, ಯಾರ ಕಡೆಗೂ ನೋಡದೆ.

ವಿರೂಪಣ್ಣ ಒಂದು ಖಾಲಿ ಭತ್ತದ ಚೀಲ, ಹಗ್ಗ ತರಿಸಿಕೊಟ್ಟರು. "ಒಯ್ರಿ. ಆದ್ರ ನೀರು ಕುಡೀತು ಅಂತ ಧೈರ್ಯ ಮಾಡಬ್ಯಾಡ್ರಿ ತಂಗಿ. ನೀರು ಕುಡಿಯೋ ಹುಚ್ಚ ನಾಯೂ ನಾ ನೋಡೀನಿ," ಎಂದರು ನನಗೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಅನ್ನಿಸುತ್ತದೆ. ರಾಯಚೂರು ಮುಟ್ಟುವವರೆಗೂ ಆ ಮಾತು ನನ್ನ ಕಿವಿಯಲ್ಲಿ ಕೂತಿತ್ತು.

ಅತ್ತೆಯ ಬೆರಳುಗಳ ತುಂಬ ಈರುಳ್ಳಿ ಹೆಚ್ಚಿ ಹೆಚ್ಚಿ ಆದ ಬಿರುಕು. ಆ ಬಿರುಕಿಗೆ ಜೊಲ್ಲು ತಾಗಿದೆ, ನೀವೂ ಸೂಜಿ ಹಾಕಿಸಿಕೊಳ್ಳಬೇಕು ಎಂದೆ. ಒಲ್ಲೆ ಎಂದರು. ಆದರೂ ಕಿರಣನ ಗಾಡಿಯಿಂದ ಇಳಿದದ್ದು ನೇರ ಆಸ್ಪತ್ರೆಯ ಮುಂದೆಯೇ. ಹುಚ್ಚೋ ಅಲ್ಲವೋ ಗೊತ್ತಿಲ್ಲದ ನಾಯಿಯ ಬಾಯಿಗೆ ಕೈ ಕೊಟ್ಟು ಬಂದವರು ನರ್ಸಮ್ಮನ ಮುಂದೆ ಕಣ್ಣು ಗಟ್ಟಿ ಮುಚ್ಚಿ ನನ್ನ ಮಣಿಕಟ್ಟನ್ನು ಬಳೆ ಒತ್ತುವಂತೆ ಹಿಡಿದರು. "ಆತೇನು? ಆತೇನು?" ಎಂದು ಕೇಳುತ್ತಿದ್ದರು. "ಇನ್ನ ಔಷಧನ ತುಂಬಿಲ್ಲ ಯವ್ವಾ," ಎಂದಳು ನರ್ಸಮ್ಮ.

ಹಿತ್ತಲಿನ ಬಟ್ಟೆ ಒಗೆಯುವ ಜಾಗದಲ್ಲಿ ಸರ್ದಾರನನ್ನು ಕಟ್ಟಿದೆವು. ಓಣಿಯವರಿಗೆ ಮಹಬೂಬೀ ಜವಾಬು ಕೊಟ್ಟರು. "ಡಾಕ್ಟರು ಹೇಳ್ಯಾರ, ನಾಯಿ ಸತ್ರ ಕೂಸಿಗೆ ತೊಂದ್ರಿ. ಬಡಿಗಿ ತರೋರು ಮೊದಲ ನನಗ ಬಡೀರಿ," ಎಂದು ಬಾಗಿಲಲ್ಲೇ ಕೂತುಬಿಟ್ಟರಂತೆ. ಆ ಹತ್ತೂ ದಿನ ಮಗುವನ್ನು ಒಳಕೋಣೆ ಬಿಟ್ಟು ಹೊರಗೆ ಬಿಡಲಿಲ್ಲ.

ಆ ದಿನಗಳನ್ನು ಹೇಗೆ ಬರೆಯಲಿ. ಕಣ್ಣು ಬಿಟ್ಟ ಕೂಡಲೇ ಮಗುವಿನ ಮೈ ಮುಟ್ಟಿ ನೋಡುವೆ, ಆಮೇಲೆ ಹಿತ್ತಲಿಗೆ ಓಡಿ ನಾಯಿಯ ಹೊಟ್ಟೆ ಏರಿಳಿಯುತ್ತಿದೆಯೇ ನೋಡುವೆ. ದನದ ಡಾಕ್ಟರರು ಬಂದು ದವಡೆ, ಕಣ್ಣು ನೋಡಿ, ಸದ್ಯ ಅಂಥ ಲಕ್ಷಣ ಕಾಣುತ್ತಿಲ್ಲ ಎಂದರು, ಕಾಲಿಗೆ ಪಟ್ಟಿ ಕಟ್ಟಿದರು. "ಆದ್ರ ಮುದಿ ಜೀವ, ಪೆಟ್ಟು ಬಿದ್ದದ. ಎಷ್ಟು ದಿನ ತಡೀತದೋ," ಎಂದು ಹೋದರು. ಅಲ್ಲಿಗೆ ಹೊಸ ಭಯ ಹುಟ್ಟಿತು. ಅದು ಬರೀ ಮುಪ್ಪಿನಿಂದಲೇ ಈ ಹತ್ತು ದಿನದೊಳಗೆ ಸತ್ತರೆ? ಯಾವುದರಿಂದ ಸತ್ತಿತು ಎಂದು ನನಗೆ ಯಾರು ಹೇಳುತ್ತಾರೆ? ಯಾವ ನಾಯಿ ಮನೆಯಲ್ಲಿರುವುದೇ ಬೇಡ ಎನ್ನುತ್ತಿದ್ದೆನೋ, ಈಗ ಅದರ ಒಂದೊಂದು ಉಸಿರೂ ನನಗೆ ಬೇಕಾಗಿತ್ತು.

ಒಂದು ಮಧ್ಯಾಹ್ನ ಅದು ನಾಲಗೆ ಹೊರಚೆಲ್ಲಿ ಜೊಲ್ಲು ಸುರಿಸುತ್ತಾ ಅಡ್ಡ ಬಿದ್ದಿತ್ತು. ನಾನು ಅತ್ತೆಯನ್ನು ನಿದ್ದೆಯಿಂದ ಎಬ್ಬಿಸಿ ಎಳೆದುಕೊಂಡು ಬಂದೆ.

ಅತ್ತೆ ನೋಡಿದರು. "ಶೆಕಿಗೆ ನಾಲಗಿ ಬಿಟ್ಟದ. ನಿನ್ನ ಗಂಡನೂ ಶಿಫ್ಟ್ ಮುಗಿಸಿ ಬಂದ್ರ ಹಿಂಗ ಬೀಳ್ತಾನ. ಅವನಿಗೆ ಸೂಜಿ ಹಾಕ್ಸೂಣೇನು?" ಎಂದು ಗೋಣಿಚೀಲ ತೋಯಿಸಿ ಅದರ ಮೇಲೆ ಹೊದಿಸಿದರು.

ನಾಲ್ಕೈದು ದಿನ ಆದ ಮೇಲೆ ಅದು ತಿನ್ನುವುದನ್ನೂ ಬಿಟ್ಟಿತು. ನುಚ್ಚಿನ ಬಟ್ಟಲ ಮುಂದೆ ನಿಲ್ಲುವುದು, ನೋಡುವುದು, ಮಲಗುವುದು. ಬೆರಳಲ್ಲಿ ತುಟಿಗೆ ಸವರಿದರೂ ನೆಕ್ಕಲಿಲ್ಲ. ಅತ್ತೆಯ ಮುಖ ಮೊದಲ ಸಲ ಕಪ್ಪಿಟ್ಟಿತು. "ಬಾಯಿ ತೆರೆದು ಹಾಕಬೇಕು. ಒಬ್ಬಾಕಿಗೆ ಆಗಂಗಿಲ್ಲ. ತಲಿ ಹಿಡಕೋತಿಯೇನು?"

ವಿನೋದ ಕೆಲಸಕ್ಕೆ ಹೋಗಿದ್ದ. ಅವನು ಬರುವವರೆಗೆ ಕಾಯೋಣ ಎನ್ನಲು ಬಾಯಿ ತೆರೆದೆ. ನಾಯಿಯ ಪಕ್ಕೆಲುಬು ಕಾಣುತ್ತಿತ್ತು. ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಕೂತೆ. ಅದರ ದವಡೆ ನನ್ನ ಅಂಗೈಗೆ ಬಂತು. ನನ್ನ ಮಗಳನ್ನು ಕಚ್ಚಿದ ಹಲ್ಲು ನನ್ನ ಬೆರಳಿನಿಂದ ಇಷ್ಟೇ ದೂರ. ಅದರ ಮೇಲಿಂದ ಕಣ್ಣು ತೆಗೆಯದೆ ಹಿಡಿದೆ. ಅತ್ತೆ ಗಂಜಿಯನ್ನು ದವಡೆಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಬಿಟ್ಟು ಗಂಟಲು ಸವರುತ್ತಾ, "ನುಂಗು, ನುಂಗು. ನುಂಗಾಕೂ ಹೇಳಿಕೊಡ್ಬೇಕೇನು ನಿನಗ," ಎನ್ನುತ್ತಿದ್ದರು. ಗಂಟಲು ಆಡಿತು. ಅದು ಆಡಿದ್ದು ನನ್ನ ಅಂಗೈಗೆ ತಿಳಿಯಿತು.

ದಿನಕ್ಕೆ ಮೂರು ಹೊತ್ತು ಹಾಗೆಯೇ ಉಣ್ಣಿಸಿದೆವು. ಕೈಗೆ ಕವರು ಸುತ್ತಿಕೊಳ್ಳದೆ ನಾನು ಕೊನೆಯವರೆಗೂ ಕೂರಲಿಲ್ಲ.

ಡಾಕ್ಟರಮ್ಮ ಹೇಳಿದ ದಿನಗಳು ಮುಗಿದವು. ಸರ್ದಾರ ಬದುಕಿತ್ತು, ಕುಂಟುತ್ತಾ ಎಡಕ್ಕೆ ಸುತ್ತುತ್ತಿತ್ತು. ಆಸ್ಪತ್ರೆಗೆ ಹೋಗಿ ಹೇಳಿದೆ. "ಮತ್ತ್ಯಾಕ ಇನ್ನೂ ಅಳಮುಖ ಮಾಡ್ತೀರಿ? ಮುಗೀತು. ಕೊನೀ ಸೂಜಿ ಒಂದು ಹಾಕಿಸಿಕೊಂಡು ಬಿಡ್ರಿ," ಎಂದು ಡಾಕ್ಟರಮ್ಮ ನಕ್ಕರು. ಹೊರಗೆ ಬಂದು ನಯೀಮನ ಆಟೋದಲ್ಲಿ ಕೂತು ಮಗುವನ್ನು ಅಪ್ಪಿಕೊಂಡು ಮನೆ ಬರುವವರೆಗೂ ಅಳುತ್ತಲೇ ಇದ್ದೆ. ಅವನು ರೇಡಿಯೋದ ದನಿ ಏರಿಸಿದ, ನನ್ನ ಅಳು ಹೊರಗೆ ಕೇಳದಿರಲಿ ಎಂದು.

ಮನೆಯ ಮುಂದೆ ಕಿರಣನ ಗಾಡಿ ನಿಂತಿತ್ತು. ಅವನ ಕೈಯಲ್ಲಿ ಗೋಣಿಚೀಲ. ಅತ್ತೆ ಬೆಳಿಗ್ಗೆಯೇ ಫೋನು ಮಾಡಿ ಕರೆಸಿದ್ದರು. ನಾಯಿಯ ಕಣ್ಣಿನ ಪಿಸರು ಒರೆಸಿ, ಉಣ್ಣಿಸಿ, ಬಟ್ಟಲು ತೊಳೆದು ಕವಚಿ ಇಟ್ಟಿದ್ದರು.

"ಒಯ್ಯಿ," ಎಂದರು ಕಿರಣನಿಗೆ. "ಈ ಸಲ ಮಿಲ್ಲಿನ ಕಡಿ ಬ್ಯಾಡ. ಮಂದಿ ಇಲ್ಲದ ಕಡಿ ನೋಡಿ ಬಿಡು." ಹೇಳುವಾಗ ಅಡುಗೆಮನೆಯ ಕಟ್ಟೆಯನ್ನು ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ಮಂದಿ ಇಲ್ಲದ ಕಡೆ ನೀರು ಇದ್ದರೂ ಕುಡಿಯಲು ಅದಕ್ಕೆ ಗೊತ್ತಾಗುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

"ಇರ್ಲಿ ಬಿಡ್ರಿ ಅತ್ತಿ," ಎಂದೆ.

"ಯಾಕ?"

"ಇನ್ನೊಂದು ಸೂಜಿ ಬಾಕಿ ಅದ. ಅಲ್ಲೀತನ ಕಣ್ಣ ಮುಂದ ಇದ್ರ ಚಲೋ."

"ಡಾಕ್ಟರಮ್ಮ ಹಂಗಂದ್ರೇನು?"

"ಇಲ್ಲ. ನಾ ಅಂತೀನಿ."

ಅತ್ತೆ ಬಟ್ಟೆ ಕೆಳಗಿಟ್ಟು ನನ್ನನ್ನು ನೋಡಿದರು. "ಸೂಜಿ ಮುಗದ ಮ್ಯಾಲ?"

"ಆಮ್ಯಾಲಿಂದು ಆಮ್ಯಾಲ. ಹಿತ್ತಲ ಬಾಗಿಲಿಗೆ ಜಾಳಿಗಿ ಬಡೀಬೇಕು. ಕೂಸು ಒಂದ ಅಲ್ಲಿ ಹೋಗಬಾರ್ದು. ಒಂದು ಗಳಿಗಿನೂ ಹೋಗಬಾರ್ದು."

"ಹತ್ತು ದಿನದಾಗ ಅತ್ತಿಗಿಗೂ ಮರೆವು ಬಂತು ನೋಡು ಯವ್ವಾ," ಎಂದ ಕಿರಣ, ಚೀಲ ಮಡಚುತ್ತಾ. ಅವನನ್ನೇ ಅಂಗಡಿಗೆ ಅಟ್ಟಿ ಜಾಳಿಗೆ, ಮೊಳೆ ತರಿಸಿದೆ. ಸಂಜೆಯೊಳಗೆ ಚೌಕಟ್ಟಿಗೆ ಬಡಿದು ಮುಗಿಸಿದ. ನಾನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದೆ, ಕೆಳಗಿನ ಮೂಲೆಗೆ ಇನ್ನೆರಡು ಮೊಳೆ ಹೊಡೆಸಿದೆ.

ಅತ್ತೆ ಬಂದು ಜಾಳಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೈತ್ರಿಯ ಎತ್ತರಕ್ಕೆ ತಲೆ ತಗ್ಗಿಸಿ ಒಮ್ಮೆ ಆಚೆ ನೋಡಿದರು. ಆಮೇಲೆ ಬಲಗೈಯ ಬೆರಳುಗಳನ್ನು ಜಾಳಿಗೆಯ ಕಣ್ಣೊಳಗೆ ತೂರಿಸಿ, ಎಷ್ಟು ದೂರ ಹೋಗುತ್ತವೆ ಎಂದು ತಳ್ಳಿದರು. ಆ ಕಡೆಯಿಂದ ಸರ್ದಾರ ಸುತ್ತುತ್ತಾ ಬಂದು ನಿಂತು ಆ ಬೆರಳುಗಳನ್ನು ಬಹಳ ಹೊತ್ತು ಮೂಸಿತು. ಯಾರದೆಂದು ತಿಳಿಯಿತೋ ಇಲ್ಲವೋ.

"ಕೂಸಿನ ಬೆರಳು ನನ್ನವಕ್ಕಿಂತ ಸಣ್ಣವು," ಎಂದರು ಅತ್ತೆ, ಕೈ ಹಿಂದಕ್ಕೆ ತೆಗೆದುಕೊಂಡು. "ಇದು ಬ್ಯಾಡಲೇ ಕಿರಣ. ಇನ್ನೂ ಸಣ್ಣ ಕಣ್ಣಿಂದು ತಗೊಂಡು ಬಾ."